ಗಟ್ಟಿಹಾಲಮ್ಮನ ಬೆರಕೆ

ಬೀದಿಗೆಲ್ಲ ಅವಳು ಗಟ್ಟಿಹಾಲಮ್ಮ. ಮನೆಮನೆಗೆ ಹಾಲು ಹಾಕುತ್ತಲೇ ಕೂದಲು ಬೆಳ್ಳಗಾಯಿತು, ಒಂದು ತೊಟ್ಟು ನೀರು ಬೆರೆಸಿದವಳಲ್ಲ. "ಬೆರೆಸಿಲ್ಲ ತಾನೆ?" ಎಂದು ತಮಾಷೆಗೆ ಕೇಳಿದರೂ ಸಾಕು, ಅವರಿಗೆ ಅವತ್ತು ಹಾಲಿಲ್ಲ. ಮೂಲೆಮನೆಯ ದರ್ಜಿ ಹೀಗೆ ಬಾಯಿ ಜಾರಿ ಎಷ್ಟೋ ಸಲ ಕರೀ ಕಾಫಿ ಕುಡಿದಿದ್ದಾನೆ.

ಅಂಥವಳ ಮುಂದೆ, ಮಗಳ ಹೆರಿಗೆಯಾದ ಆಸ್ಪತ್ರೆಯ ನರ್ಸ್ ಅದೇ ಮಾತು ಆಡಿಬಿಟ್ಟಳು.

"ಅಮ್ಮ, ಮಗು ತೂಕ ಏರ್ತಿಲ್ಲ. ಇವತ್ತಿಂದ ತಾಯಿ ಹಾಲಿಗೆ ಪುಡಿ ಬೆರೆಸ್ತೀವಿ."

ಗಟ್ಟಿಹಾಲಮ್ಮನ ಪಿತ್ತ ನೆತ್ತಿಗೇರಿತು. "ಬೆರೆಸ್ತೀರಾ? ನನ್ನ ಮಗಳ ಹಾಲೇನು ನೀರಾ?" ಎಂದು ವಾರ್ಡೆಲ್ಲ ಕೇಳುವಂತೆ ಕೂಗಿ, ಮಗಳು ಆಗಷ್ಟೇ ಪಂಪಿನಲ್ಲಿ ತೆಗೆದುಕೊಟ್ಟಿದ್ದ ಹಾಲಿನ ಬಾಟಲಿ ಎತ್ತಿಕೊಂಡು ಹೊರಗೆ ನಡೆದಳು.

ನಡೆದದ್ದಾದರೂ ಎಲ್ಲಿಗೆ? ಕಾರಿಡಾರಿನ ಆ ತುದಿಯಿಂದ ಈ ತುದಿಗೆ. ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. ಗಾಜಿನಾಚೆ ಮೊಮ್ಮಗಳು ಮಲಗಿದ್ದಳು, ದಿನ ತುಂಬುವ ಮೊದಲೇ ಹುಟ್ಟಿದ ಕೂಸು, ಮೂಗಿನಲ್ಲಿ ಹಾಲಿನ ನಳಿಕೆ. ಹಾಲಿನ ಹೊತ್ತಾಗಿತ್ತು. ಹಾಲು ಅಜ್ಜಿಯ ಕೈಯಲ್ಲಿತ್ತು.

ತಡೆಯಲಾರದೆ ಮಗಳ ಹತ್ತಿರ ಹೋದಳು. ಮಗಳು ಮತ್ತೆ ಪಂಪು ಹಿಡಿದು ಕೂತಿದ್ದಳು. ಒಂದು ಹನಿಯೂ ಇಳಿಯುತ್ತಿರಲಿಲ್ಲ.

"ಕೇಳಿಸ್ತಮ್ಮ. ನನ್ನ ಹಾಲು ನೀರಂತೆ."

ಗಟ್ಟಿಹಾಲಮ್ಮ ಕೈಯಲ್ಲಿದ್ದ ಬಾಟಲಿ ನೋಡಿದಳು. ನೀರು ಅಂದವರು ಯಾರು? ನರ್ಸ್ ಅಂದಿರಲಿಲ್ಲ. ಅಂದದ್ದು ತಾನೇ.

ಬಿರಬಿರನೆ ಹಿಂದಿರುಗಿ ನರ್ಸಿನ ಕೈಗೆ ಬಾಟಲಿ ಕೊಟ್ಟಳು. "ಮುಚ್ಚಳ ತೆಗೆದಿಲ್ಲ ಸಿಸ್ಟರ್. ಆ ಪುಡಿ ಏನು ಮಾಡುತ್ತೆ, ಅಷ್ಟು ಹೇಳಿ."

"ತಾಯಿ ಹಾಲಿಗೆ ಸಮ ಯಾವುದೂ ಇಲ್ಲಮ್ಮ. ಆದ್ರೆ ಇದು ಇನ್ನೂ ಹೊಟ್ಟೇಲಿ ಇರಬೇಕಾಗಿದ್ದ ಮಗು. ಮೂಳೆ ಬಲಿಯೋಕೆ, ಮೈ ತುಂಬೋಕೆ ಜಾಸ್ತಿ ಬೇಕು, ಹೊಟ್ಟೆ ಹಿಡಿಯೋದು ಮಾತ್ರ ಇಷ್ಟೇ ಇಷ್ಟು. ಅದಕ್ಕೇ ಆ ಇಷ್ಟನ್ನೇ ಗಟ್ಟಿ ಮಾಡ್ತೀವಿ."

"ಗಟ್ಟಿ ಮಾಡ್ತೀರಾ!" ಮುದುಕಿ ಹಣೆ ಚಚ್ಚಿಕೊಂಡಳು. "ಮೊದಲೇ ಹಾಗನ್ನಬಾರದಾ ತಾಯಿ?"

ಮಗಳ ಪಕ್ಕ ಕೂತು ಬೆನ್ನು ಸವರಿದಳು. "ನಿನ್ನ ಹಾಲು ಚಿನ್ನ ಕಣೇ. ಅದಿಲ್ದೆ ಆ ಪುಡಿಯಿಂದ ಏನೂ ಆಗಲ್ಲ. ನೀರು ಅಂದಿದ್ದು ನನ್ನ ಹಾಳು ಬಾಯಿ." ಮಗಳು ಬಿಕ್ಕಿ ಬಿಕ್ಕಿ ಅತ್ತಳು. ಅತ್ತು ಹಗುರಾದ ಮೇಲೆ ಬಾಟಲಿಗೆ ಹನಿ ಬೀಳತೊಡಗಿತು.

ಕೂಸಿನ ತೂಕ ಏರಿತೆಂದು ನರ್ಸ್ ಹೇಳಿದ ಮರುದಿನ, ದರ್ಜಿ ಪಾತ್ರೆ ಹಿಡಿದು ಹಲ್ಲು ಕಿರಿದ. "ಏನಮ್ಮ, ಬೆರೆಸಿಲ್ಲ ತಾನೆ?"

ಗಟ್ಟಿಹಾಲಮ್ಮ ಅವನ ಪಾತ್ರೆಗೆ ಹಾಲು ಸುರಿದಳು, ಮೇಲೆ ಒಂದಿಷ್ಟು ಕೊಸರನ್ನೂ ಹಾಕಿದಳು.

"ನಿಂಗ್ಯಾಕೋ ಬೆರೆಸಲಿ? ಬೆರೆಸೋದು ನನ್ನ ಮೊಮ್ಮಗಳಿಗೆ ಮಾತ್ರ."