ಮೂಲೆಯ ಒಳ್ಳೆಯ ಹಾಸಿಗೆ

ಅವಳನ್ನು ಆಸ್ಪತ್ರೆಯಲ್ಲಿ ಎಲ್ಲರೂ ಸಾಬೂನು ಸಿಸ್ಟರ್ ಎನ್ನುತ್ತಿದ್ದರು, ಬೆನ್ನ ಹಿಂದೆ. ಮುಖಕ್ಕೆ ಮುಖ ಕೊಟ್ಟು ಹೇಳುವ ಧೈರ್ಯ ಯಾರಿಗಿತ್ತು? ಮೂಳೆ ಮುರಿದ ಹೆಂಗಸರ ವಾರ್ಡಿಗೆ ಅವಳೇ ಹಿರಿಯ ನರ್ಸ್. ಕೋಪ ಮೂಗಿನ ತುದಿಯಲ್ಲಿ, ನಾಲಿಗೆ ಅದಕ್ಕಿಂತ ಒಂದು ಹೆಜ್ಜೆ ಮುಂದೆ. ಬಾಗಿಲು ದಾಟಿ ಯಾರೇ ಬರಲಿ, ಬನ್ನಿ ಕೂತ್ಕೊಳ್ಳಿ ಎಂಬ ಉಪಚಾರವಿಲ್ಲ. "ಕೈ ತೊಳ್ಕೊಂಡ್ರಾ?" ಅಷ್ಟೇ.

ಮೂಳೆ ಡಾಕ್ಟರನ್ನೂ ಅವಳು ಬಿಟ್ಟವಳಲ್ಲ. ಆತ ಕೆಲಸದಲ್ಲಿ ಗಟ್ಟಿಗ, ಆದರೆ ಬೆರಳಲ್ಲಿ ಕಡಲೆ ಗಾತ್ರದ ಕಲ್ಲಿನ ಉಂಗುರ. ಅದನ್ನು ಹಾಕಿಕೊಂಡೇ ಒಂದು ಗಾಯದಿಂದ ಇನ್ನೊಂದು ಗಾಯಕ್ಕೆ ಹೊರಡುತ್ತಿದ್ದ.

"ಉಂಗುರ ತೆಗೀರಿ ಡಾಕ್ಟ್ರೇ."

"ಹೆಂಡ್ತಿ ಕೊಟ್ಟಿದ್ದು ಸಿಸ್ಟರ್."

"ನಿಮಗೆ ಕೊಟ್ಟಿದ್ದು. ನನ್ನ ಪೇಶೆಂಟುಗಳಿಗಲ್ಲ."

ವಾರ್ಡಿಗೆ ವಾರ್ಡೇ ನಕ್ಕಿತು. ಡಾಕ್ಟರು ಉಂಗುರವನ್ನು ಕಿಸೆಗೆ ಹಾಕಿಕೊಂಡ, ಮಾರನೆಯ ದಿನ ಅದು ಮತ್ತೆ ಬೆರಳಿಗೇ ಬಂತು. ಅವಳೂ ಮತ್ತೆ ಶುರು ಮಾಡಿದಳು. ಹೀಗೇ ಅವಳ ಅರ್ಧ ಆಯುಷ್ಯ ಕಳೆದಿತ್ತು.

ನರ್ಸ್ ಆಗಲು ಅವಳನ್ನು ಕಳಿಸಿದ್ದು ಅಪ್ಪನಲ್ಲ, ಅತ್ತಿಗೆ. "ಕಂಡೋರ ಕೀವು ಒರೆಸೋಕೆ ಮಗಳನ್ನ ಕಳಿಸ್ಬೇಕಾ?" ಎಂದು ಅಪ್ಪ ಕೂಗಾಡಿದಾಗ, ಮನೆಗೆ ಬಂದು ಇನ್ನೂ ಬಳೆಯ ಬಣ್ಣ ಮಾಸದ ಅತ್ತಿಗೆ ಹೊಲಿಗೆ ಯಂತ್ರದ ಮುಂದಿನಿಂದ ಎದ್ದು, "ಮಾವ, ನಾಳೆ ನಿಮ್ಮ ಕೀವು ಯಾರು ಒರೆಸ್ತಾರೆ?" ಎಂದು ಕೇಳಿದ್ದಳು. ಅವಳ ಮೊದಲ ಬಿಳಿ ಯೂನಿಫಾರ್ಮ್ ಹೊಲಿದುಕೊಟ್ಟವಳೂ ಅತ್ತಿಗೆಯೇ. ಬಲಗಾಲಿನಲ್ಲಿ ಪೆಡಲ್ ತುಳಿಯುತ್ತ, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು, ಅರ್ಧ ಬೀದಿಯ ಬಟ್ಟೆ ಹೊಲಿಯುತ್ತಿದ್ದ ಹೆಂಗಸು. ಅಣ್ಣನಿಗಿಂತ ಅತ್ತಿಗೆಯೇ ಅವಳಿಗೆ ಹತ್ತಿರ.

ಇನ್ನು ಬೇಸಿನ್ನಿನ ಕತೆ. ಮೊದಲು ಆ ವಾರ್ಡಿಗೆ ಇದ್ದದ್ದು ಒಂದೇ ನಲ್ಲಿ, ಕಾರಿಡಾರಿನ ತುದಿಯಲ್ಲಿ. ಅಷ್ಟು ದೂರ ನಡೆದು ಕೈ ತೊಳೆಯುವ ಪುಣ್ಯಾತ್ಮರು ಯಾರು? ಸಿಸ್ಟರ್ ಆಸ್ಪತ್ರೆಯ ಮುಖ್ಯಸ್ಥರ ಕೋಣೆಯ ಹೊಸ್ತಿಲು ಸವೆಸಿದಳು. ಬೈದಳು, ಬೇಡಿದಳು, ಒಮ್ಮೆ ಅವರ ಮೇಜಿನ ಮೇಲೆ ಬಕೆಟ್ಟಿಟ್ಟು ಬಂದಳು. ಕೊನೆಗೆ ವಾರ್ಡಿನ ಒಳಗೇ, ಕಿಟಕಿಯ ಮೂಲೆಯಲ್ಲಿ, ಒಂದು ಬಿಳಿ ಬೇಸಿನ್ ಬಂತು. ಅದನ್ನು ಅವಳು ಹೆತ್ತ ಮಗುವಿನಂತೆ ಉಜ್ಜಿ ಇಟ್ಟುಕೊಂಡಳು.

ಬೇಸಿನ್ನಿನ ಪಕ್ಕದ ಹಾಸಿಗೆಯೇ ವಾರ್ಡಿನ ಒಳ್ಳೆಯ ಹಾಸಿಗೆ. ಗಾಳಿಯಿದೆ, ಬೆಳಕಿದೆ, ನೀರು ಕೈಗೆ ಹತ್ತಿರ, ಸಿಸ್ಟರ ಮೇಜಿಗೆ ನೇರ ಎದುರು. ಯಾರ ಮೇಲೆ ಅವಳಿಗೆ ಕನಿಕರ ಹೆಚ್ಚೋ ಅವರಿಗೆ ಆ ಹಾಸಿಗೆ. ಬಸ್ ಕಂಡಕ್ಟರ್ ಹೆಂಗಸಿಗೆ ಕೊಟ್ಟಳು. ಅವಳ ತೊಡೆಯ ಗಾಯ ಕೀವಾಯಿತು. "ಹಾಸಿಗೆ ಮೇಲೆ ಊರೆಲ್ಲ ಹತ್ತಿ ಕೂತ್ರೆ ಇನ್ನೇನಾಗುತ್ತೆ?" ಎಂದು ನೆಂಟರನ್ನೆಲ್ಲ ಅಟ್ಟಿದಳು. ಆಮೇಲೆ ನಿವೃತ್ತ ಟೀಚರೊಬ್ಬರಿಗೆ ಕೊಟ್ಟಳು. ಅವರಿಗೂ ಕೀವು, ಜ್ವರ, ಆಮೇಲೆ ಐಸಿಯು. ಅಲ್ಲಿಂದ ಅವರು ವಾಪಸು ಬರಲಿಲ್ಲ. ಆ ಸಲ ಬೈಗುಳ ಬಿದ್ದದ್ದು ಡಾಕ್ಟರನ ಉಂಗುರಕ್ಕೆ. ಹಾಸಿಗೆ ಮಾತ್ರ ಒಳ್ಳೆಯ ಹಾಸಿಗೆಯಾಗಿಯೇ ಉಳಿಯಿತು.

ಅತ್ತಿಗೆ ಮೆಟ್ಟಿಲ ಮೇಲೆ ಜಾರಿ ಬಲಗಾಲು ಮುರಿದುಕೊಂಡು ಬಂದಾಗ, ಆ ಹಾಸಿಗೆ ಬೇರೆ ಯಾರಿಗೆ ಸಿಗಬೇಕು? ಡಾಕ್ಟರು ಮೂಳೆಗೆ ಸ್ಟೀಲ್ ಪಟ್ಟಿ ಕೂರಿಸಿದ. "ಹಬೆಯಲ್ಲಿ ಬೆಂದ ಬಟ್ಟೆ ಹಾಸಿದ್ದೀನಿ, ರಾಣಿ ಹಾಗೆ ಮಲಗು," ಎಂದು ಸಿಸ್ಟರ್ ಅತ್ತಿಗೆಯ ದಿಂಬು ಸರಿಮಾಡಿದಳು. ಅತ್ತಿಗೆ ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು: "ನಮ್ಮ ನಾದಿನಿ ಇದ್ದಾಳೆ ನೋಡಿ, ಒಳ್ಳೆ ಜಾಗ ಕೊಟ್ಟಿದ್ದಾಳೆ."

ವಾರ ಕಳೆಯುವುದರೊಳಗೆ ಹೊಲಿಗೆಯ ಬದಿಯಲ್ಲಿ ತೇವ ಕಂಡಿತು. ಆಮೇಲೆ ವಾಸನೆ. ಡಾಕ್ಟರು ಒಂದು ಆಂಟಿಬಯಾಟಿಕ್ ಬರೆದ, ಜಗ್ಗಲಿಲ್ಲ. ಇನ್ನೊಂದು ಬರೆದ. ಅಣ್ಣ ಮಧ್ಯೆ ಬಂದು, "ಇನ್ನೂ ಸ್ಟ್ರಾಂಗ್ ಕೊಡಿ ಡಾಕ್ಟ್ರೇ," ಎಂದು ಅಂಗಡಿಯಲ್ಲಿ ಚಹಾ ಹೇಳುವ ಹಾಗೆ ಹೇಳಿದ. ಡಾಕ್ಟರೂ ಕೊಟ್ಟ. ಕೊಡುವುದಕ್ಕೆ ಆತನ ಕೈ ಯಾವತ್ತೂ ಮುಂದೆಯೇ. ಸುಮ್ಮನೆ ಬೆರಳು ಕೊಯ್ದುಕೊಂಡು ಬಂದವರಿಗೂ "ಇರಲಿ ಒಂದು" ಎಂದು ದೊಡ್ಡ ಔಷಧವನ್ನೇ ಬರೆಯುತ್ತಿದ್ದ ಮಹಾನುಭಾವ. ಸಣ್ಣ ಇಲಿಗೆಲ್ಲ ಕೋವಿ ಹಾರಿಸಿದರೆ ಹುಲಿ ಬಂದ ದಿನ ಗುಂಡು ಎಲ್ಲಿಂದ ತರುವುದು? ಅತ್ತಿಗೆ ಮೈ ಸುಡುತ್ತ ಮಲಗಿದ್ದಳು, ಕೇಳುತ್ತಿದ್ದುದು ಒಂದೇ: "ಮತ್ತೆ ಪೆಡಲ್ ತುಳೀತೀನಾ?"

ಅಷ್ಟರಲ್ಲಿ ಲ್ಯಾಬಿನ ಡಾಕ್ಟರಮ್ಮ ಕೀವಿನ ವರದಿ ಹಿಡಿದು ತಾನೇ ವಾರ್ಡಿಗೆ ಬಂದಳು. ಮೆತ್ತಗಿನ ಮಾತಿನ, ದಪ್ಪ ಕನ್ನಡಕದ ಹೆಂಗಸು.

"ಸಿಸ್ಟರ್, ಈ ಕೀವಿನಲ್ಲಿರೋ ಕ್ರಿಮಿಗೆ ನಮ್ಮ ಹತ್ರ ಇರೋ ಔಷಧ ಹೆಚ್ಚುಕಮ್ಮಿ ಯಾವುದೂ ನಾಟ್ತಿಲ್ಲ. ಟೀಚರಮ್ಮನ ಗಾಯದಲ್ಲಿದ್ದದ್ದೂ ಇದೇ ಜಾತಿ."

"ಉಂಗುರ! ನಾನು ಬಡ್ಕೊಂಡೆ, ಯಾರು ಕೇಳಿದ್ರು?"

"ಉಂಗುರಾನೂ ಪರೀಕ್ಷೆ ಮಾಡಿದೆ. ಅದರಲ್ಲಿ ಬೇರೆ ಕೊಳೆ ಬೇಕಾದಷ್ಟಿದೆ, ಇದಿಲ್ಲ." ಅವಳು ಸುತ್ತ ಕಣ್ಣಾಡಿಸಿದಳು. "ಡ್ರಿಪ್ಪಿನಲ್ಲಿ ಔಷಧ ಉಳಿದ್ರೆ ಎಲ್ಲಿ ಸುರೀತೀರಿ?"

ಸಿಸ್ಟರ್ ಹೆಮ್ಮೆಯಿಂದಲೇ ಹೇಳಿದಳು. ಅರ್ಧ ಬಾಟಲಿ ಅಲ್ಲಲ್ಲಿ ನಿಂತಿದ್ದರೆ ಅವಳಿಗೆ ಮೈಯೆಲ್ಲ ಉರಿ. ಸೂಜಿ ಜಾರಿತೋ, ಔಷಧ ಬದಲಾಯಿತೋ, ಉಳಿದದ್ದನ್ನು ತಕ್ಷಣ ಬೇಸಿನ್ನಿಗೆ ಸುರಿದು ನೀರು ಬಿಡಬೇಕು. ಗಾಯ ಒರೆಸಿದ ನೀರೂ ಅಲ್ಲಿಗೇ. ಹೊಸ ನರ್ಸುಗಳಿಗೆ ಅವಳು ಮೊದಲು ಕಲಿಸುತ್ತಿದ್ದುದೇ ಈ ಅಚ್ಚುಕಟ್ಟು.

ಡಾಕ್ಟರಮ್ಮ ನಲ್ಲಿ ತಿರುಗಿಸಿದಳು. ನೀರು ನೇರವಾಗಿ ಕೊಳವೆಯ ಕಂಡಿಗೇ ಬಿದ್ದು ಸಿಡಿಯಿತು. ಸಣ್ಣ ಹನಿಗಳು ಅತ್ತಿಗೆಯ ಹೊದಿಕೆಯ ಅಂಚಿನ ಮೇಲೆ, ಅಲ್ಲೇ ಸಾಲಾಗಿಟ್ಟ ಗಾಯ ಕಟ್ಟುವ ಬಟ್ಟೆಯ ಮೇಲೆ ಬಿದ್ದವು. ಡಾಕ್ಟರಮ್ಮ ಕಂಡಿಯೊಳಗೆ ಹತ್ತಿಯ ಕಡ್ಡಿ ಇಳಿಸಿ ಲೋಳೆ ತೆಗೆದುಕೊಂಡು ಹೋದಳು. ಎರಡು ದಿನದ ಮೇಲೆ ಬಂದು ಹೇಳಿದಳು: ಕೊಳವೆಯ ಲೋಳೆಯಲ್ಲಿ ಮನೆಮಾಡಿದ ಕ್ರಿಮಿ ದಿನಾ ಅಷ್ಟಷ್ಟು ಔಷಧ ಕುಡಿದು, ಸಾಯದೆ ಉಳಿದದ್ದು ಬೆಳೆದು, ಯಾವ ಔಷಧಕ್ಕೂ ಹೆದರದ ಜಟ್ಟಿಯಾಗಿದೆ. ಗಾಯದಲ್ಲಿರುವುದೂ ಅದೇ.

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಆ ಬೇಲಿ ನೆಟ್ಟವಳೂ ಅವಳೇ, ಅದಕ್ಕೆ ದಿನಾ ಉಣ್ಣಿಸಿದವಳೂ ಅವಳೇ. ಸಿಸ್ಟರ್ ಯಾರನ್ನೂ ಕರೆಯದೆ, ಉಸಿರು ಬಿಗಿಹಿಡಿದು, ಅತ್ತಿಗೆ ಮಲಗಿದ್ದ ಹಾಸಿಗೆಯನ್ನು ಮಂಚದ ಸಮೇತ ಬಾಗಿಲಿನ ತನಕ ಎಳೆದು ತಂದಳು.

"ಯಾಕೇ, ಒಳ್ಳೆ ಜಾಗದಿಂದ ಎಬ್ಬಿಸ್ತೀಯ?" ಎಂದಳು ಅತ್ತಿಗೆ.

ಸಿಸ್ಟರ್ ಅತ್ತಿಗೆಯ ಮೇಲಿನ ಹೊದಿಕೆ ಸೆಳೆದು ಬೇರೆ ಹೊದಿಸಿದಳು.

ತಡವಾಗಿತ್ತು. ಸೋಂಕು ಮೂಳೆಗಿಳಿದು ರಕ್ತಕ್ಕೇ ಕೈ ಹಾಕಿತ್ತು. ಉಳಿದಿದ್ದ ಕಟ್ಟಕಡೆಯ ಔಷಧ ಜೀವ ಉಳಿಸಿತು, ಕಾಲನ್ನಲ್ಲ. ಮೊಣಕಾಲಿನ ಕೆಳಗೆ ತೆಗೆದರು. ಬಲಗಾಲು.

ಮುಖ್ಯಸ್ಥರು ಏನು ಮಾಡಿದರು ಕೇಳಿ. ಡಾಕ್ಟರಮ್ಮ ಕೊಳವೆಯನ್ನೇ ಕಿತ್ತು ಬೇಸಿನ್ನನ್ನು ಹಾಸಿಗೆಗಳಿಂದ ದೂರ ಕೂರಿಸಬೇಕು, ಔಷಧ ಸುರಿಯುವುದಕ್ಕೆ ಬೇರೆ ಜಾಗ ಮಾಡಬೇಕು ಎಂದು ಬಾಯಿ ನೋಯುವಷ್ಟು ಹೇಳಿದಳು. ಅವರು ಒಂದು ಡಬ್ಬಿ ಆಸಿಡ್ ಸುರಿಸಿ, ಮಿರಮಿರ ಮಿಂಚುವ ಹೊಸ ನಲ್ಲಿ ಹಾಕಿಸಿದರು. ಗೋಡೆಗೆ ಬಣ್ಣ. ವಾರ್ಡು ಗುಡಿಸಿ ಒರೆಸುತ್ತಿದ್ದ, ಎಲ್ಲರೂ ಚಿಕ್ಕಮ್ಮ ಎನ್ನುತ್ತಿದ್ದ ಹೆಂಗಸನ್ನು ಕರೆದು, ಸರಿಯಾಗಿ ತೊಳೆದಿಲ್ಲವೆಂದು ಕೆಲಸದಿಂದ ತೆಗೆದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಕೊಳವೆಯೊಳಗೆ ಕೈ ಹಾಕಿ ತೊಳೆಯಲು ಚಿಕ್ಕಮ್ಮನೇನು ಹಾವೇ?

ಸಿಸ್ಟರ್ ಅವರ ಕೋಣೆಗೆ ನುಗ್ಗಿದಳು. "ಅದರಲ್ಲಿ ಔಷಧ ಸುರಿ ಅಂತ ಕಲಿಸಿದ್ದು ನಾನು. ತೆಗೆಯೋದಾದ್ರೆ ನನ್ನ ತೆಗೀರಿ."

"ಭಾವುಕರಾಗ್ಬೇಡಿ ಸಿಸ್ಟರ್. ಆಸ್ಪತ್ರೆ ಅಂದ್ಮೇಲೆ ಸೋಂಕು ಬರುತ್ತೆ, ಹೋಗುತ್ತೆ. ಎಲ್ಲಿಂದ ಬಂತು ಅಂತ ಯಾರು ಹೇಳೋಕಾಗುತ್ತೆ? ಹೊಸ ಕಟ್ಟಡ ಉದ್ಘಾಟನೆ ಹತ್ರ ಇದೆ. ಈಗ ಗೋಡೆ ಒಡೆದ್ರೆ ಊರೆಲ್ಲ ಮಾತಾಡುತ್ತೆ."

"ಬರುತ್ತೆ ಹೋಗುತ್ತೆ ಅನ್ನೋಕೆ ಅದೇನು ನಿಮ್ಮ ನೆಂಟನಾ? ಹೋಗಿದ್ದು ನಮ್ಮತ್ತಿಗೆ ಕಾಲು!"

ಅವರು ಬಾಗಿಲು ತೋರಿಸಿದರು.

ಅಲ್ಲಿಂದ ಅವಳು ನೇರ ಅತ್ತಿಗೆಯ ಬಳಿ ಬಂದು, ಹಾಸಿಗೆಯ ಪಕ್ಕ ನಿಂತು, ಎಲ್ಲವನ್ನೂ ಹೇಳಿದಳು. ಟೀಚರಮ್ಮನಿಂದ ಹಿಡಿದು ಹೊಸ ನಲ್ಲಿಯ ತನಕ, ಒಂದನ್ನೂ ಮುಚ್ಚಲಿಲ್ಲ. ಅತ್ತಿಗೆ ಹೊದಿಕೆಯ ಕೆಳಗೆ ಕಾಲಿಲ್ಲದ ಜಾಗವನ್ನೇ ನೋಡುತ್ತಿದ್ದಳು.

"ಒಳ್ಳೆ ಜಾಗ ಕೊಟ್ಟಿದ್ದಾಳೆ ಅಂತ ಕಂಡಕಂಡವರ ಹತ್ರ ಜಂಬ ಕೊಚ್ಚಿದ್ನಲ್ಲೇ," ಎಂದಳು ಕೊನೆಗೆ.

ಸಿಸ್ಟರ್ ಅತ್ತುಬಿಟ್ಟಳು.

"ಅಳಬೇಡ! ಅತ್ರೆ ಕಾಲು ಚಿಗುರುತ್ತಾ? ನಿನ್ನ ಮೇಲೆ ನನಗೆ ಕೋಪ ಇದೆ. ಇರುತ್ತೆ, ಅಷ್ಟು ಬೇಗ ಹೋಗಲ್ಲ. ಅದು ನಮ್ಮ ನಮ್ಮದು, ಮನೇಲಿ ನೋಡ್ಕೊಳ್ಳೋಣ. ಈಗ ಹೇಳು, ಆ ಮೂಲೆಗೆ ಯಾರನ್ನ ಮಲಗಿಸ್ತಾರೆ?"

ಮಲಗಿಸುವವರು ಆಗಲೇ ಬರುತ್ತಿದ್ದರು. ಸೊಂಟ ಮುರಿದ ಒಬ್ಬ ಅಜ್ಜಿಯನ್ನು ತಳ್ಳುಗಾಡಿಯ ಮೇಲೆ ತಂದು, ಕಿಟಕಿಯ ಮೂಲೆಗೆ ಹೊಸ ಮಂಚ ಹಾಕುತ್ತಿದ್ದರು. ಅಜ್ಜಿಯ ಮಗಳು, "ಗಾಳಿ ಬೆಳಕು ಚೆನ್ನಾಗಿದೆ," ಎಂದು ಖುಷಿಪಡುತ್ತಿದ್ದಳು. ಅತ್ತಿಗೆ ಗಾಲಿಕುರ್ಚಿ ಕೇಳಿದಳು. ಸಿಸ್ಟರ್ ಅವಳನ್ನು ಎತ್ತಿ ಕೂರಿಸಿದಳು. ಅತ್ತಿಗೆ ತಾನೇ ಗಾಲಿ ತಿರುಗಿಸಿಕೊಂಡು ಹೋಗಿ, ಮಂಚಕ್ಕೂ ತಳ್ಳುಗಾಡಿಗೂ ನಡುವೆ ಕುರ್ಚಿಯನ್ನು ಅಡ್ಡ ನಿಲ್ಲಿಸಿದಳು. ಬ್ಯಾಂಡೇಜು ಸುತ್ತಿದ ಮೋಟುಗಾಲನ್ನು ಮುಂದಕ್ಕೆ ಚಾಚಿದಳು.

"ಅಮ್ಮಾ, ಇದು ಈ ಒಳ್ಳೆ ಜಾಗದಲ್ಲಿ ಆಗಿದ್ದು. ನಿಮ್ಮ ತಾಯೀನ ಇಲ್ಲಿ ಮಲಗಿಸ್ಬೇಕಾದ್ರೆ ನನ್ನ ಮೇಲೆ ಹಾದು ಹೋಗ್ಬೇಕು."

ಗಲಾಟೆ ಕೇಳಿ ಮುಖ್ಯಸ್ಥರು ಓಡಿ ಬಂದರು. ಅತ್ತಿಗೆ ಜಾಗ ಬಿಡಲಿಲ್ಲ. ಕಾರಿಡಾರಿನಲ್ಲಿದ್ದ ನೆಂಟರಿಷ್ಟರೆಲ್ಲ ಬಾಗಿಲಲ್ಲಿ ತುಂಬಿಕೊಂಡರು. ಲ್ಯಾಬಿನ ಡಾಕ್ಟರಮ್ಮ ಜನರ ನಡುವಿನಿಂದ ದಾರಿ ಮಾಡಿಕೊಂಡು ಬಂದು, ಯಾರೂ ಕೇಳದಿದ್ದರೂ, ಅದೇ ಮೆತ್ತಗಿನ ಧ್ವನಿಯಲ್ಲಿ, "ಅವರು ಹೇಳ್ತಿರೋದು ನಿಜ," ಎಂದಳು. ಉಂಗುರದ ಡಾಕ್ಟರು ಮಾತ್ರ ಕಿಟಕಿಯಾಚೆ ನೋಡುತ್ತ ನಿಂತಿದ್ದ. ಸತ್ಯ ಎದುರಿಗೆ ನಿಂತಾಗ ಕೆಲವರಿಗೆ ಹೊರಗಿನ ಮರ ಬಹಳ ಚೆಂದ ಕಾಣುತ್ತದೆ.

ಸಂಜೆಯೊಳಗೆ ಪ್ಲಂಬರ್ ಬಂದ. ಬೇಸಿನ್ ಕಿತ್ತು ಕೊಳವೆ ಬಿಚ್ಚಿದಾಗ, ಆಸಿಡ್ಡಿಗೂ ಜಗ್ಗದ ಕಪ್ಪು ಲೋಳೆ ಬೆರಳು ದಪ್ಪಕ್ಕೆ ಬಕೆಟ್ಟಿಗೆ ಬಿತ್ತು. ಮುಖ್ಯಸ್ಥರು ಮೂಗಿಗೆ ಕರವಸ್ತ್ರ ಒತ್ತಿಕೊಂಡರು.

"ಮೂಗು ಆಮೇಲೆ ಮುಚ್ಕೊಳ್ಳಿ," ಎಂದಳು ಅತ್ತಿಗೆ. "ಮೊದಲು ಚಿಕ್ಕಮ್ಮನಿಗೆ ಹೇಳಿಕಳಿಸಿ."

ಹೇಳಿಕಳಿಸಿದರು. ಅಷ್ಟು ಜನರ ಎದುರು ಇನ್ನೇನು ಮಾಡಲು ಸಾಧ್ಯವಿತ್ತು?

ಜನ ಚದುರಿದ ಮೇಲೆ, ಬೆಳಗಿನಿಂದ ಕೂತೇ ಇದ್ದ ಅತ್ತಿಗೆಗೆ ಗಾಯ ಸಿಡಿಯತೊಡಗಿತ್ತು. ಮುಖ ಬಿಳಿಚಿಕೊಂಡಿತ್ತು. ಬ್ಯಾಂಡೇಜು ಸಡಿಲವಾಗಿ ಜಾರಿತ್ತು. ಸಿಸ್ಟರ್ ಪ್ಲಂಬರನ ಬಕೆಟ್ಟನ್ನು ಪಕ್ಕಕ್ಕೆ ಸರಿಸಿ, ಓಡಿ ಬಂದು ಮೊಣಕಾಲೂರಿ ಬ್ಯಾಂಡೇಜಿಗೆ ಕೈ ಚಾಚಿದಳು.

ಅತ್ತಿಗೆ ಕಾಲನ್ನು ಹಿಂದಕ್ಕೆಳೆದುಕೊಂಡಳು.

"ಕೈ ತೊಳ್ಕೊಂಡ್ಯಾ?"

ವಾರ್ಡಿನಲ್ಲಿ ಯಾರೂ ನಗಲಿಲ್ಲ. ಮೂಲೆಯಲ್ಲಿ ಬೇಸಿನ್ ಇದ್ದ ಕಡೆ ಗೋಡೆಯಲ್ಲಿ ತೂತು ಮಾತ್ರ ಇತ್ತು. ಸಿಸ್ಟರ್ ಎದ್ದಳು. ಕಾರಿಡಾರಿನ ತುದಿಯ ಹಳೆಯ ನಲ್ಲಿಯ ತನಕ ನಡೆದು ಹೋದಳು. ಬೆರಳಿನ ಸಂದು, ಉಗುರಿನ ಬುಡ, ಮಣಿಕಟ್ಟು, ಒಂದನ್ನೂ ಬಿಡದೆ ಉಜ್ಜಿ ತೊಳೆದು, ಒದ್ದೆ ಕೈಗಳನ್ನು ಯಾವುದಕ್ಕೂ ತಾಗಿಸದೆ ಮೇಲೆತ್ತಿ ಹಿಡಿದು ವಾಪಸು ಬಂದಳು. ಶುಚಿಯಾದ ಬಟ್ಟೆಯಲ್ಲಿ ಒರೆಸಿಕೊಂಡು ಅತ್ತಿಗೆಯ ಮುಂದೆ ಎರಡೂ ಅಂಗೈ ಬಿಡಿಸಿ ತೋರಿಸಿದಳು.

ಅತ್ತಿಗೆ ಹೊಲಿಗೆ ಪರೀಕ್ಷಿಸುವ ಹಾಗೆ ಆ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಕಾಲು ಮುಂದೆ ಚಾಚಿದಳು.