ಮೂಗು ಒತ್ತುವುದು

ಅರಂತೋಡಿನಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ಸುಳ್ಯದ ಮೆಡಿಕಲ್ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರ ಕಲಿಸುತ್ತಿದ್ದರು. ಒಂದು ಕಡೆ ಕೂತವರಲ್ಲ. ಚಾ ಕೊಟ್ಟರೆ ಲೋಟ ಹಿಡಿದುಕೊಂಡು ಜಗಲಿಯುದ್ದಕ್ಕೂ ನಡೆಯುವರು, ನೋಡುವವರಿಗೇ ತಲೆ ತಿರುಗಬೇಕು. ಇಲಿಮರಿಗಳ ತಲೆಬುರುಡೆ ಹೇಗೆ ಬೆಳೆಯುತ್ತದೆ ಎಂಬುದು ಅವರ ಅಧ್ಯಯನ. ಬಸ್ಸಿಗೆ ಕಾಯುವವರಿಗೂ ಫೋನಿನಲ್ಲಿ ಅದರ ಚಿತ್ರ ತೋರಿಸುವರು. ಬಣ್ಣ ಹಾಕಿದ ಬುರುಡೆಯ ತಳದಲ್ಲಿ ಎಲುಬು ಕೆಂಪು, ಇನ್ನೂ ಎಲುಬಾಗದ ಮೃದ್ವಸ್ಥಿ ನೀಲಿ.

"ಅಡಿ ನೋಡಿ ಮಾರಾಯ್ರೆ. ಈ ನೀಲಿ ಗೆರೆ ಉಂಟಲ್ಲ, ಅದು ಬೆಳೆದ್ರೆ ಮುಖ ಮುಂದೆ ಬರುದು. ಅದು ಬೇಗ ಎಲುಬಾದ್ರೆ ಮುಖ ಅಲ್ಲಿಗೇ ನಿಂತಿತು. ಮನುಷ್ಯರಿಗೂ ಅಷ್ಟೇ."

ನಮ್ಮಲ್ಲಿ ಮಗುವನ್ನು ಮೀಯಿಸುವಾಗ ಎಣ್ಣೆ ಹಚ್ಚಿ, ಮೂಗು ಒತ್ತಿ ಎತ್ತರ ಮಾಡುವ ಕ್ರಮ ಉಂಟು. ಅದನ್ನು ಕಂಡರೆ ಅಕ್ಕನಿಗೆ ಆಗುತ್ತಿರಲಿಲ್ಲ. "ಮೇಲೆ ಒತ್ತಿ ಎಂತ ಮಾಡುದು? ಅಡಿ ನೋಡಿ" ಎಂದು ಸಿಡುಕಿ ಅಂಗಳಕ್ಕೆ ಇಳಿಯುವರು.

ನನ್ನ ಮಗಳು ಹುಟ್ಟಿದಾಗ ಅವಳ ಮೂಗಿನ ಬುಡ ತೀರಾ ತಗ್ಗಾಗಿತ್ತು. ಅಮ್ಮ ದಿನಾ ಒತ್ತುತ್ತಿದ್ದರು. ನೋಡಲು ಬಂದ ಅಕ್ಕ ಮಗುವಿನ ತಲೆಯನ್ನು ಅಂಗೈಯಲ್ಲಿಟ್ಟು ಪಕ್ಕದಿಂದ ನೋಡಿದರು, ಮತ್ತೆ ನೋಡಿದರು. ಅಡಿ ನೋಡಿ ಎನ್ನಲಿಲ್ಲ.

"ನಾಳೆ ಮಂಗಳೂರಿಗೆ ಹೋಗುವ. ತಲೆಯದ್ದು ಒಂದು ಸ್ಕ್ಯಾನ್ ಮಾಡಿಸುವ. ನಾನೂ ಬರ್ತೇನೆ."

ಆಮೇಲೆ ಅಮ್ಮನ ಪಕ್ಕ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. "ಸ್ವಲ್ಪ ಎಣ್ಣೆ ಕೊಡಿ ದೊಡ್ಡಮ್ಮ" ಎಂದು ಕೈ ಚಾಚಿ, ನನ್ನ ಮಗಳ ಮೂಗನ್ನು ಮೆಲ್ಲಗೆ ಒತ್ತತೊಡಗಿದರು.