ಹಗಲಲ್ಲೇ ಚುಕ್ಕಿ ಮೂಡಿದ ವರ್ಷ

ನಾನು ಚಿಕ್ಕವಳಿದ್ದಾಗ ಒಂದೇ ವರ್ಷದಲ್ಲಿ ದೇಶಕ್ಕೆ ದೇಶವೇ ಮಾತಾಡಿಕೊಳ್ಳುವಂಥ ಸಂಗತಿಗಳು ನಡೆದವು. ಸಂಕ್ರಾಂತಿಯ ಹೊತ್ತಿಗೆ ಚುನಾವಣೆ ಮುಗಿದು ದಿಲ್ಲಿಯಲ್ಲಿ ಸರ್ಕಾರ ಬದಲಾಯಿತು. ಮಳೆಗಾಲದಲ್ಲಿ ನಮ್ಮದೇ ರಾಕೆಟ್ ಉಪಗ್ರಹ ಹೊತ್ತು ಮೇಲೇರಿತು. ಇವೆರಡರ ನಡುವೆ, ಬಿಸಿಲು ಆಗಷ್ಟೇ ಬಲಿಯುತ್ತಿದ್ದ ಒಂದು ಮಧ್ಯಾಹ್ನ, ಕನಕಗಿರಿಯ ನಮ್ಮ ಮನೆಯ ಮೇಲಿಂದ ಸೂರ್ಯನೇ ಮಾಯವಾದ.

ಆ ಗ್ರಹಣ ನೋಡಲು ದೂರದೂರದ ವಿಜ್ಞಾನಿಗಳು ದುರ್ಬೀನು ಹೊತ್ತು ನಮ್ಮ ಸೀಮೆಗೆ ಬಂದಿದ್ದಾರೆ ಎಂದು ರೇಡಿಯೋ ಹೇಳುತ್ತಿತ್ತು. ಅಂದು ಬಸ್ಸುಗಳು ಖಾಲಿ ಓಡಾಡಿದವು. ಅಂಗಡಿಗಳು ಬಾಗಿಲು ತೆರೆಯಲಿಲ್ಲ. ಅವ್ವ ಹಾಲಿನ ಗಡಿಗೆಯ ಮೇಲೆ ದರ್ಭೆ ಇಟ್ಟು, ಹೆರಿಗೆಗೆ ಬಂದಿದ್ದ ಅಕ್ಕನನ್ನು ಒಳಕೋಣೆಗೆ ಸೇರಿಸಿ ಕಿಟಕಿಯ ಹಲಗೆ ಮುಚ್ಚಿದಳು. ಜೊತೆಗೆ ನನ್ನನ್ನೂ ಕೂರಿಸಿದಳು.

“ಗ್ರಹಣ ಬಿಡೂತನಕ ನೀರು ಸೈತ ಮುಟ್ಟಬ್ಯಾಡ,” ಎಂದು ಅಕ್ಕನಿಗೆ ತಾಕೀತು ಮಾಡಿದಳು.

“ಬರೇ ನೆರಳು ಐತಿ, ಏನೂ ಆಗೂದಿಲ್ಲ. ಹುಡುಗಿಗಿ ಹಾಲರೆ ಕೊಡು,” ಎಂದು ಅಪ್ಪ ಹೊರಗಿನಿಂದ ಹೇಳಿದ. ಅವ್ವ ಕೇಳಲಿಲ್ಲ.

ಬೆಳಗಿನಿಂದ ಉಪವಾಸವಿದ್ದ ಅಕ್ಕನ ತುಟಿ ಒಣಗಿತ್ತು. ಹೊಟ್ಟೆಯ ಮೇಲೆ ಕೈಯಿಟ್ಟು ಮೆಲ್ಲಗೆ ಅಂದಳು: “ಮುಂಜಾನಿಂದ ಕೂಸು ಅಳ್ಳಾಡವಲ್ದು.” ಅವ್ವನ ಮುಖ ಬಿಳಿಚಿತು. ನನಗೂ ಅಳು ಬಂತು.

ಆಗಲೇ ನೆಲದ ಮೇಲೆ ಅದು ಕಂಡಿತು. ಕಿಟಕಿಯ ಹಲಗೆಯಲ್ಲಿದ್ದ ಮೊಳೆಯ ತೂತಿನಿಂದ ಬಂದ ಬೆಳಕು ದುಂಡಗಿರಲಿಲ್ಲ, ಬಿದಿಗೆ ಚಂದ್ರನಂತೆ ಬಾಗಿತ್ತು! ನಾವು ಬಾಗಿಲು ಹಾಕಿಕೊಂಡು ಕುಳಿತರೂ ಸೂರ್ಯ ತನ್ನ ಚಿತ್ರ ತಾನೇ ಕಳಿಸಿದ್ದ. ನೋಡನೋಡುತ್ತ ಅದು ಉಗುರಿನಂತೆ ತೆಳ್ಳಗಾಯಿತು, ಆಮೇಲೆ ಆರಿಯೇಹೋಯಿತು. ಕೋಳಿಗಳು ಗೂಡಿಗೆ ಓಡಿದ ಸದ್ದು, ಓಣಿಯ ನಾಯಿಗಳ ಊಳು, ಗೋಡೆಯ ಸಂದಿನಿಂದ ನುಗ್ಗಿದ ತಣ್ಣನೆ ಗಾಳಿ.

ಅಪ್ಪ ಹೊರಗಿನಿಂದ ಹಲಗೆ ತಳ್ಳಿದ. “ಈಗ ನೋಡ್ರಿ, ಲಗೂನ ನೋಡ್ರಿ!”

ಸೂರ್ಯನಿದ್ದ ಜಾಗದಲ್ಲಿ ಕಪ್ಪು ಬಿಲ್ಲೆ. ಅದರ ಸುತ್ತ ಹಿಂಜಿದ ಹತ್ತಿಯಂಥ ಬೆಳ್ಳನೆ ಬೆಳಕು. ಪಕ್ಕದಲ್ಲಿ, ಹಾಡಹಗಲಲ್ಲೇ, ಒಂದು ಚುಕ್ಕಿ. ಅವ್ವ ಕೈ ಮುಗಿಯುವುದನ್ನೂ ಮರೆತು ನಿಂತಿದ್ದಳು.

ಕಪ್ಪಿನ ಅಂಚಿನಲ್ಲಿ ಬೆಳಕು ಚಿಮ್ಮುವಷ್ಟರಲ್ಲಿ ಅಪ್ಪ ಹಲಗೆ ಎಳೆದ. ನೆಲದ ಮೇಲೆ ಆ ಬಾಗಿದ ಗೆರೆ ಮತ್ತೆ ಮೂಡಿತು, ಈ ಸಲ ಇನ್ನೊಂದು ಮಗ್ಗುಲಿಗೆ. ಅವ್ವ ಅದನ್ನೇ ನೋಡುತ್ತ ಒಂದು ಗಳಿಗೆ ನಿಂತು, ಅಡುಗೆಮನೆಗೆ ಹೋಗಿ ಬಟ್ಟಲು ತುಂಬ ಹಾಲು ತಂದಳು.

“ಗ್ರಹಣ ಇನ್ನಾ ಬಿಟ್ಟಿಲ್ಲವ್ವ,” ಎಂದಳು ಅಕ್ಕ.

“ಅಂವ ಹೊಳ್ಳಿ ಬಂದಾನ. ನೀ ಕುಡಿ.”

ಅಕ್ಕ ಗಟಗಟನೆ ಕುಡಿದಳು. ಸ್ವಲ್ಪ ಹೊತ್ತಿಗೆ ಅವಳು ತಟ್ಟನೆ ನನ್ನ ಕೈ ಹಿಡಿದು ಹೊಟ್ಟೆಗೆ ಒತ್ತಿಕೊಂಡಳು. ಒಳಗಿನಿಂದ ಪುಟ್ಟ ಕಾಲೊಂದು ಒದೆಯಿತು. ಅವ್ವ ನಕ್ಕಳು, ಮರುಗಳಿಗೆಯೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ರಾಕೆಟ್ಟಿನ ಸುದ್ದಿ ರೇಡಿಯೋದಲ್ಲಿ ಬಂದಾಗ ಆ ಕೂಸು ಚಾಪೆಯ ಮೇಲೆ ಬೋರಲು ಬೀಳುತ್ತಿತ್ತು. ನೀವೋ ಮಕ್ಕಳೇ, ನಮ್ಮ ನೌಕೆ ಚಂದ್ರನ ಮೇಲೆ ಇಳಿಯುವುದನ್ನೇ ಫೋನಿನಲ್ಲಿ ಕಂಡು ಚಪ್ಪಾಳೆ ತಟ್ಟಿದವರು. ಬೇಕೆಂದಾಗ ನಿಮ್ಮ ಅಂಗೈಗೆ ಆಕಾಶ ಇಳಿದು ಬರುತ್ತದೆ. ನಮ್ಮ ಕಾಲದಲ್ಲಿ ಅದು ಒಂದೇ ಸಲ, ಕರೆಯದೆಯೇ, ಮನೆಗೆ ಬಂದಿತ್ತು.